ಅಚ್ಚು ಗಟ್ಟಿಯಿರಲಿ, ಚಾಸಿ ನೆಟ್ಟಗಿರಲಿ: ಕಲ್ಲುದಾರಿಯ ಜೀಪು ಕಟ್ಟುವವರಿಗೆ ಹನ್ನೆರಡು ಸೂತ್ರಗಳು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ರೈತರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಕೊಂಬಿನ ಬಣ್ಣ, ಕೊರಳ ಗೆಜ್ಜೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಗೊರಸು ತಟ್ಟುತ್ತಾರೆ, ಹತ್ತು ಹೆಜ್ಜೆ ನಡೆಸಿ ಹಿಂಗಾಲು ಎಲ್ಲಿ ಊರುತ್ತದೆ ಎಂದು ಗಮನಿಸುತ್ತಾರೆ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು ಇದೆಲ್ಲ ಆದ ಮೇಲೆ.

ಹಳೆಯ ಜೀಪು ಹಿಡಿದು ಕಲ್ಲುದಾರಿಗೆ ಸಜ್ಜು ಮಾಡಲು ಹೊರಟ ಗೆಳೆಯರಲ್ಲಿ ಈ ಕ್ರಮ ತಲೆಕೆಳಗಾಗಿರುವುದನ್ನು ಕಂಡು ನನಗೆ ಎಷ್ಟೋ ಸಲ ಸಂಕಟವಾಗಿದೆ. ವಿಂಚ್, ಬಂಪರ್, ದೀಪಗಳಿಗೆ ಮೊದಲ ದುಡ್ಡು ಹೋಗುತ್ತದೆ. ಆಕ್ಸಲ್ ಮತ್ತು ಚಾಸಿಗೆ ಉಳಿದ ಚಿಲ್ಲರೆ. ಗಾಡಿಯ ಭಾರ ಹೊರುವುದು ಚಾಸಿ, ಆ ಭಾರವನ್ನು ನೆಲಕ್ಕೆ ಮುಟ್ಟಿಸುವುದು ಆಕ್ಸಲ್. ಈ ಎರಡು ಸರಿಯಿದ್ದರೆ ಮಿಕ್ಕಿದ್ದನ್ನು ಮುಂದಿನ ವರ್ಷವೂ ಹಾಕಿಸಬಹುದು.

1. ಮೊದಲು ದಾರಿ ಆರಿಸಿ, ಆಮೇಲೆ ಗಾಡಿ

ಘಾಟಿ ಇರುವ ದೊಡ್ಡಬಳ್ಳಾಪುರದ ಕಡೆಯ ನೆಲ ಗ್ರಾನೈಟ್ ಬಂಡೆ, ಜಲ್ಲಿಗೊರಕಲು, ಕೆಂಪು ಮಣ್ಣಿನದು. ಮಡಿಕೇರಿಯಿಂದ ಮಾಂದಲಪಟ್ಟಿಗೆ, ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳದ್ದು ಬೇರೆಯೇ ಲೋಕ: ಮಳೆ, ಕೆಸರು, ಉರುಳುಗಲ್ಲು, ಮೇಲೆ ಏಳೆಂಟು ಜನರ ಭಾರ. ಬಂಡೆಗೆ ಬೇಕಾದದ್ದು ನಿಧಾನದ ಶಕ್ತಿ ಮತ್ತು ಮುರಿಯದ ಶಾಫ್ಟು. ಕೆಸರಿಗೆ ಬೇಕಾದದ್ದು ಚಕ್ರ ತಿರುಗಿ ಮಣ್ಣು ಕೊಡವಿಕೊಳ್ಳುವಷ್ಟು ವೇಗ. ನೀವು ತಿಂಗಳಿಗೊಮ್ಮೆ ಎಲ್ಲಿ ಓಡಿಸುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆಯಿರಿ. ವರ್ಷಕ್ಕೊಮ್ಮೆ ಹೋಗುವ ಜಾಗಕ್ಕಾಗಿ ಗಾಡಿ ಕಟ್ಟಬೇಡಿ.

ಗಾಡಿಯ ತೂಕವನ್ನೂ ಅಲ್ಲೇ ಬರೆದುಕೊಳ್ಳಿ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಹಗುರ ಗಾಡಿ. ಅದರ ಸಣ್ಣ ಆಕ್ಸಲ್ ಅದಕ್ಕೆ ಸಾಕು. ಡೀಸೆಲ್ ಎಂಜಿನ್ ಹೊತ್ತ ಮಹೀಂದ್ರ ಎಂಎಂ 540ಗೆ ಅದೇ ಅಳತೆ ಹಿಡಿದರೆ ನಡೆಯದು.

2. ಟೈರು ತೀರ್ಮಾನವಾಗದೆ ಆಕ್ಸಲ್‌ಗೆ ಮುಂಗಡ ಕೊಡಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಸಿಜೆ 3ಬಿ ಜೀಪಿನ ಆಕ್ಸಲ್ ಅನುಪಾತ 5.38. ಅಂದರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅದರ ಮೂರು ಗೇರಿನ ಡಬ್ಬಿಯ ಮೊದಲ ಗೇರು ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46. ಮೂರನ್ನೂ ಗುಣಿಸಿದರೆ ಸುಮಾರು 37. ಎಂಜಿನ್ 37 ಸುತ್ತು ತಿರುಗುವಾಗ ಚಕ್ರ ಒಂದೇ ಸುತ್ತು. ಆ ಪುಟ್ಟ ಜೀಪು ತನಗಿಂತ ದೊಡ್ಡ ಗಾಡಿಗಳು ಹತ್ತದ ಏರು ಹತ್ತುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಈಗ 28 ಇಂಚಿನ ಟೈರು ಕಳಚಿ 31 ಇಂಚಿನದು ಹಾಕಿ. 5.38ರ ಆಕ್ಸಲ್ 4.86ರಂತೆ ವರ್ತಿಸುತ್ತದೆ. 33 ಹಾಕಿದರೆ 4.56. ಗೇರು ಮುಟ್ಟದೆಯೇ ಗಾಡಿಯ ಎಳೆತ ಕೈಬಿಟ್ಟು ಹೋಯಿತು. ಅದರ ಜೊತೆಗೆ ದೊಡ್ಡ ಟೈರು ಬಂಡೆಯನ್ನು ಕಚ್ಚಿ ನಿಂತಾಗ ಶಾಫ್ಟಿನ ಮೇಲೆ ಬೀಳುವ ತಿರುಚು ಹೆಚ್ಚುತ್ತದೆ, ಏಕೆಂದರೆ ನೆಲಕ್ಕೂ ಶಾಫ್ಟಿಗೂ ನಡುವಿನ ಸನ್ನೆಕೋಲು ಉದ್ದವಾಗಿದೆ. ಹಾಗಾಗಿ ಟೈರು ಮೊದಲು, ಅದಕ್ಕೆ ತಕ್ಕ ಕ್ರೌನ್-ಪಿನಿಯನ್ ಅನುಪಾತ ಎರಡನೆಯದು, ಅದನ್ನು ತಾಳುವ ಆಕ್ಸಲ್ ಮೂರನೆಯದು.

ನನ್ನ ಮಾತು ಕೇಳುವುದಾದರೆ, ನಮ್ಮ ಬಯಲುಸೀಮೆಯ ಕಲ್ಲುದಾರಿಗೆ ಹಳೆಯ ಜೀಪಿನಲ್ಲಿ 31 ಇಂಚು ದಾಟಬೇಡಿ. ದಾಟಿದ ಕ್ಷಣದಿಂದ ಸ್ಟೀರಿಂಗ್, ಬ್ರೇಕು, ಬೇರಿಂಗು ಒಂದೊಂದಾಗಿ ಹೊಸದು ಕೇಳತೊಡಗುತ್ತವೆ.

3. ಎತ್ತಿನ ಗಾಡಿಯ ಅಚ್ಚನ್ನು ಒಮ್ಮೆ ಬಗ್ಗಿ ನೋಡಿ

ಆಕ್ಸಲ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಸುಮ್ಮನೆ ಭಾರ ಹೊತ್ತು ನಿಂತಿರುತ್ತದೆ. ಚಕ್ರದ ಗುಂಬ ಅದರ ಸುತ್ತ ತಿರುಗುತ್ತದೆ, ಹೊರಬರದಂತೆ ಕಡಾಣಿ ತಡೆಯುತ್ತದೆ. ಭಾರ ಹೊರುವವನು ಒಬ್ಬ, ಎಳೆಯುವವರು ಬೇರೆ.

ಫುಲ್ ಫ್ಲೋಟಿಂಗ್ ಎಂದು ಕರೆಯುವ ಆಕ್ಸಲ್ ನಡೆಯುವುದು ಇದೇ ತತ್ತ್ವದ ಮೇಲೆ. ಹೌಸಿಂಗಿನ ತುದಿಯ ಕೊಳವೆಯ ಮೇಲೆ ಎರಡು ಬೇರಿಂಗ್ ಕೂತಿರುತ್ತವೆ, ಅವುಗಳ ಮೇಲೆ ಹಬ್. ಗಾಡಿಯ ತೂಕವೆಲ್ಲ ಆ ಕೊಳವೆಯದು. ಒಳಗಿನ ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ಮುರಿದರೂ ಚಕ್ರ ಅಲ್ಲೇ ಇರುತ್ತದೆ. ಬೋಲ್ಟು ಬಿಚ್ಚಿ ಮುರಿದ ತುಂಡು ಎಳೆದು ಹಾಕಿ, ಮುಂದಿನ ಆಕ್ಸಲ್‌ನ ಬಲದಲ್ಲಿ ಊರು ಸೇರಬಹುದು. ಲಾರಿಗಳ ಹಿಂದಿನ ಚಕ್ರದ ನಡುವೆ ಬೋಲ್ಟು ಸುತ್ತಿದ ತಟ್ಟೆ ಕಾಣುತ್ತದಲ್ಲ, ಅದೇ ಇದು.

ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಎರಡೂ ಕೆಲಸ ಒಂದೇ ಶಾಫ್ಟಿನದು: ತಿರುಗಬೇಕು, ಭಾರವನ್ನೂ ಹೊರಬೇಕು. ಹೊರತುದಿಯಲ್ಲಿ ಮುರಿದರೆ ಚಕ್ರವೇ ಕಳಚಿಕೊಳ್ಳುತ್ತದೆ. ಸಿಜೆ ಸಾಲಿನ ಹಳೆಯ ಜೀಪುಗಳ ಹಿಂದಿನ ಡಾನಾ 44 ಈ ಬಗೆಯದು. ಅದರ ಶಾಫ್ಟಿನ ತುದಿ ಮೊನಚಾಗಿ ಇಳಿಯುತ್ತದೆ, ಹಬ್ ಅದರ ಮೇಲೆ ಒಂದು ಸಣ್ಣ ಕೀ ಮತ್ತು ದೊಡ್ಡ ನಟ್ಟಿನ ಬಲದಲ್ಲಿ ಕೂರುತ್ತದೆ. ನಟ್ಟು ಸಡಿಲವಾದರೆ ಕೀ ಕತ್ತರಿಸಿ ಹೋಗಿ, ಶಾಫ್ಟ್ ತಿರುಗಿದರೂ ಚಕ್ರ ನಿಂತೇ ಇರುತ್ತದೆ. ಆ ಆಕ್ಸಲ್ ಕೆಟ್ಟದ್ದಲ್ಲ, ಗಟ್ಟಿಮುಟ್ಟಾದದ್ದೇ. ಆ ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿದು, ಸ್ಪ್ಲಿಟ್ ಪಿನ್ ಹಾಕಿ, ಪ್ರತಿ ಸಲ ಕಲ್ಲುದಾರಿಗೆ ಇಳಿಯುವ ಮುನ್ನ ಮುಟ್ಟಿ ನೋಡಿ. ಕಡಾಣಿ ನೋಡದೆ ಗಾಡಿ ಹೂಡಿದ ರೈತ ಯಾರಿದ್ದಾರೆ?

ಕೈಯಲ್ಲಿ ದುಡ್ಡಿದ್ದು ಭಾರ ಹೊರುವ ಗಾಡಿಯಾದರೆ ಫುಲ್ ಫ್ಲೋಟಿಂಗ್ ಆರಿಸಿ. ಇಬ್ಬರು ಕೂತು ಹೋಗುವ ಹಗುರ ಜೀಪಿಗೆ ಚೆನ್ನಾಗಿ ಜೋಡಿಸಿದ ಸೆಮಿ ಫ್ಲೋಟಿಂಗ್ ಸಾಕು.

4. ಗುಜರಿಯಲ್ಲಿ ಹಲ್ಲೆಣಿಸಿ

ಬೆಂಗಳೂರಿನ ಗುಜರಿಗಳಲ್ಲಿ ಹಳೆಯ ಆಕ್ಸಲ್ ಸಿಗುತ್ತದೆ, ಬಣ್ಣ ಬಳಿದು ಹೊಳೆಯುತ್ತಲೂ ಇರುತ್ತದೆ. ಬಣ್ಣ ನೋಡಬೇಡಿ. ಹಿಂದಿನ ಮುಚ್ಚಳ ಬಿಚ್ಚಿಸಿ. ಬಿಚ್ಚಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಒಳಗೆ ನೋಡಬೇಕಾದದ್ದು ಇಷ್ಟು. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ನೀರು ನುಗ್ಗಿದೆ. ಬೇರಿಂಗ್ ಹೋಗಿದೆ ಎಂದೇ ಹಿಡಿಯಿರಿ. ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ: ನುಣ್ಣನೆಯ ಬೂದುಪುಡಿ ವಯಸ್ಸಿನ ಗುರುತು, ಚುಚ್ಚುವ ಚೂರು ರೋಗದ ಗುರುತು. ಕ್ರೌನಿನ ಹಲ್ಲುಗಳ ಮೇಲೆ ಸಿಡುಬಿನಂಥ ಕುಳಿ, ನೀಲಿಗಟ್ಟಿದ ಕಲೆ ಇದ್ದರೆ ಎದ್ದು ಬನ್ನಿ. ಹಲ್ಲು ಎಣಿಸಿ. ಕ್ರೌನಿನಲ್ಲಿ 43, ಪಿನಿಯನ್‌ನಲ್ಲಿ 8 ಇದ್ದರೆ 5.38, 39 ಮತ್ತು 8 ಇದ್ದರೆ 4.88, 41 ಮತ್ತು 10 ಇದ್ದರೆ 4.10.

ಗಾಡಿಯಲ್ಲೇ ಇರುವ ಆಕ್ಸಲ್ ಆದರೆ ಬಿಚ್ಚದೆ ಅಳೆಯುವ ಉಪಾಯ ಇದೆ. ಒಂದು ಹಿಂಚಕ್ರ ನೆಲದ ಮೇಲಿರಲಿ, ಇನ್ನೊಂದನ್ನು ಜಾಕ್ ಕೊಟ್ಟು ಎತ್ತಿ. ಗೇರು ನ್ಯೂಟ್ರಲ್‌ನಲ್ಲಿರಲಿ, ನೆಲದ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ಅನುಪಾತ.

ಕೊನೆಗೆ ಹೌಸಿಂಗ್ ಬಾಗಿದೆಯೇ ನೋಡಿ. ಎರಡು ತುದಿಗೆ ಬಿಗಿಯಾಗಿ ದಾರ ಕಟ್ಟಿ, ದಾರಕ್ಕೂ ಕೊಳವೆಗೂ ನಡುವಿನ ಅಂತರ ಎರಡು ಕಡೆಯೂ ಅಳೆಯಿರಿ. ಓವರ್‌ಲೋಡ್ ಹೊತ್ತ ಗಾಡಿಯ ಹೌಸಿಂಗ್ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ, ದಾರಕ್ಕೆ ಮಾತ್ರ ಸಿಕ್ಕಿಬೀಳುತ್ತದೆ.

5. ಹಿಂದೆ-ಮುಂದೆ ಒಂದೇ ಅನುಪಾತ, ಒಂದೇ ಕಡೆಯ ಗುಂಡು

ಹಿಂದೆ 5.38 ಇಟ್ಟು ಮುಂದೆ 4.88 ಕೂರಿಸಿ ಫೋರ್ ವೀಲ್ ಹಾಕಿದರೆ ಗಟ್ಟಿ ನೆಲದ ಮೇಲೆ ಎರಡು ಆಕ್ಸಲ್‌ಗಳೂ ಪರಸ್ಪರ ಜಗಳಕ್ಕೆ ನಿಲ್ಲುತ್ತವೆ. ಏನಾದರೂ ಮುರಿದ ಮೇಲೇ ಆ ಜಗಳ ಮುಗಿಯುವುದು. ಇನ್ನೊಂದು ಮಾತು: ಹಳೆಯ ಜೀಪುಗಳಲ್ಲಿ ಡಿಫರೆನ್ಷಿಯಲ್‌ನ ಗುಂಡು ನಡುವೆ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸ್ ಇರುವ ಬಲಗಡೆಗೆ ಸರಿದಿರುತ್ತದೆ. ಬೇರೆ ಗಾಡಿಯ ನಡುಗುಂಡಿನ ಆಕ್ಸಲ್ ತಂದರೆ ಪ್ರೊಪೆಲ್ಲರ್ ಶಾಫ್ಟ್ ಅಡ್ಡಡ್ಡ ಓಡಬೇಕಾಗುತ್ತದೆ. ಅಗಲ, ಗುಂಡಿನ ಕಡೆ, ವೀಲ್ ಬೋಲ್ಟಿನ ಸುತ್ತಳತೆ, ಸ್ಪ್ರಿಂಗ್ ಕೂರುವ ಅಂತರ: ಈ ನಾಲ್ಕು ಅಳತೆ ಜೇಬಿನಲ್ಲಿಟ್ಟುಕೊಂಡೇ ಗುಜರಿಗೆ ಹೋಗಿ.

6. ಲಾಕರ್ ಬೇಕು, ಆದರೆ ಮೊದಲು ಹಿಂದಕ್ಕೆ

ಸಾದಾ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲದ ಮೇಲಿನದು ನಿಂತುಬಿಡುತ್ತದೆ. ಲಾಕರ್ ಎರಡನ್ನೂ ಒಂದಾಗಿ ಕಟ್ಟುತ್ತದೆ. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಕಾರ್ಖಾನೆಯಿಂದಲೇ ಲಾಕ್ ಬಂದದ್ದು ದೊಡ್ಡ ಕೊಡುಗೆ. ನೀವು ಕಟ್ಟುವ ಜೀಪಿಗೆ ಹಿಂದಿನದೊಂದು ಸಾಕು. ಮುಂದೆಯೂ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಗೆಣ್ಣಿನ ಯೂನಿವರ್ಸಲ್ ಜಾಯಿಂಟ್ ಪುಡಿ.

7. ಚಾಸಿಯನ್ನು ಬರಿಮೈ ಮಾಡಿ ಅಳೆಯಿರಿ

ಬಾಡಿ ಇಳಿಸದೆ ಚಾಸಿ ರಿಪೇರಿ ಎಂಬುದಿಲ್ಲ. ಬಾಡಿ, ಎಂಜಿನ್, ಆಕ್ಸಲ್ ಎಲ್ಲ ಇಳಿಸಿ, ತೊಳೆದು, ಸಣ್ಣ ಸುತ್ತಿಗೆ ಹಿಡಿದು ಒಂದು ಕಡೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದ ಜಾಗ ಮಣ್ಣಿನ ಮಡಕೆಯಂತೆ ಮಂಕಾಗಿ ನುಡಿಯುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗಳ ಸುತ್ತ, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ಜಾಗ, ಸ್ಟೀರಿಂಗ್ ಬಾಕ್ಸಿನ ಬುಡ: ರೋಗ ಇರುವುದು ಹೆಚ್ಚಾಗಿ ಇವುಗಳಲ್ಲೇ. ಸ್ಟೀರಿಂಗ್ ಬಾಕ್ಸಿನ ಬುಡದಲ್ಲಿ ಕೂದಲೆಳೆಯಂಥ ಬಿರುಕಿಗಾಗಿ ಬ್ಯಾಟರಿ ಹಿಡಿದು ಹುಡುಕಿ.

ಅಳತೆಗೆ ದೊಡ್ಡ ಯಂತ್ರ ಬೇಡ. ಸಿಮೆಂಟಿನ ಸಮತಟ್ಟು ನೆಲ, ಗಾರೆ ಮೇಸ್ತ್ರಿಯ ತೂಗುಗುಂಡು, ಟೇಪು, ಸೀಮೆಸುಣ್ಣ ಸಾಕು. ಚಾಸಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಮಟ್ಟವಾಗಿ ಕೂರಿಸಿ. ಎಡಬಲ ಜೋಡಿಯಾಗಿರುವ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಚಾಸಿ ಪಕ್ಕಕ್ಕೆ ಸರಿಸಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿಲಿಮೀಟರಿನ ಒಳಗಿದ್ದರೆ ಸಂತೋಷ. 6 ದಾಟಿದರೆ ಅದನ್ನು ಸರಿಪಡಿಸದೆ ಆಕ್ಸಲ್ ಮುಟ್ಟಬೇಡಿ. ಸೊಟ್ಟ ಚಾಸಿಗೆ ನೆಟ್ಟಗಿನ ಆಕ್ಸಲ್ ಕೂರಿಸಿದರೆ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ, ಟೈರು ತಿಂಗಳಲ್ಲಿ ಸವೆಯುತ್ತದೆ.

8. ವೆಲ್ಡಿಂಗ್‌ನಲ್ಲಿ ಆತುರ ಬೇಡ

ಈ ಸೂತ್ರಕ್ಕೆ ಎರಡು ನಿಮಿಷ ಹೆಚ್ಚು ಕೊಡಿ. ನಾನು ಕಂಡ ಮುರಿದ ಚಾಸಿಗಳಲ್ಲಿ ಹೆಚ್ಚಿನವು ಹಳೆಯ ಬಿರುಕಿನಲ್ಲಿ ಮುರಿದವಲ್ಲ, ರಿಪೇರಿಯ ಪಕ್ಕದಲ್ಲಿ ಮುರಿದವು. ನನ್ನದೇ ಮೊದಲ ಜೀಪಿನಲ್ಲೂ ಹಾಗೇ ಆಯಿತು. ಹಿಂದಿನ ಹ್ಯಾಂಗರ್ ಬಳಿ ದಪ್ಪ ತಗಡಿನ ಚೌಕ ತುಂಡೊಂದನ್ನು ನಾಲ್ಕೂ ಕಡೆ ಬೆಸೆದಿದ್ದರು. ನೋಡಲು ಬಲವಾಗಿತ್ತು. ಎರಡನೇ ಮಳೆಗಾಲದಲ್ಲಿ ಆ ತುಂಡಿನ ಅಂಚಿಗೆ ಸರಿಯಾಗಿ, ಮೇಲಿನಿಂದ ಕೆಳಕ್ಕೆ, ಚಾಕುವಿನಲ್ಲಿ ಕೊಯ್ದಂತೆ ಚಾಸಿ ಬಿರಿಯಿತು.

ಕಾರಣ ಸರಳ. ಕಲ್ಲುದಾರಿಯಲ್ಲಿ ಚಾಸಿ ಸದಾ ತುಸು ತಿರುಚುತ್ತಿರುತ್ತದೆ. ಒಂದೆಡೆ ದಪ್ಪ ತಗಡು ಬೆಸೆದರೆ ಅಲ್ಲಿ ತಿರುಚು ನಿಲ್ಲುತ್ತದೆ, ಅದರ ಅಂಚಿನಲ್ಲೇ ಎಲ್ಲ ಒತ್ತಡ ಕೂಡುತ್ತದೆ. ಅಂಚು ನೇರವಾಗಿ ಮೇಲಿನಿಂದ ಕೆಳಕ್ಕೆ ಇದ್ದರೆ ಬಿರುಕಿಗೆ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ತೇಪೆಯ ತಗಡನ್ನು ಎರಡು ತುದಿಯಲ್ಲೂ ಮೊನಚಾಗಿ, ವಜ್ರಾಕಾರವಾಗಿ ಕತ್ತರಿಸಿ. ಚಾಸಿಯ ಉದ್ದಪಟ್ಟಿಯ ಮೇಲಂಚು, ಕೆಳಂಚುಗಳಿಗೆ ಅಡ್ಡವಾಗಿ ಬೆಸುಗೆ ಎಳೆಯಬೇಡಿ. ತಗಡಿನ ದಪ್ಪ ಮೂಲ ಚಾಸಿಯಷ್ಟೇ ಇರಲಿ. ನಡುವೆ ತೂತು ಕೊರೆದು ತೂತಿನಲ್ಲೂ ಬೆಸೆಯಿರಿ. ಬಿರುಕನ್ನು ಮುಚ್ಚುವ ಮುನ್ನ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು ನಿಲ್ಲಿಸಿ, ಉದ್ದಕ್ಕೂ ಸಣ್ಣ ಕಾಲುವೆ ತೋಡಿ, ಆಮೇಲೆ ಲೋಹ ತುಂಬಿ.

ಕಡ್ಡಿ ವೆಲ್ಡಿಂಗ್ ಆದರೆ 7018 ಕಡ್ಡಿ, ಅದೂ ಒಣಗಿಸಿದ್ದು. ತೇವ ಕುಡಿದ ಕಡ್ಡಿ ಬೆಸುಗೆಯೊಳಗೆ ಬಿರುಕು ಬಿತ್ತುತ್ತದೆ. ಎರಡಿಂಚು ಬೆಸೆದು ನಿಲ್ಲಿಸಿ, ಎದುರು ಕಡೆಗೆ ಹೋಗಿ, ಮತ್ತೆ ಬನ್ನಿ. ಒಂದೇ ಉಸಿರಿಗೆ ಎಳೆದರೆ ಬಿಸಿಗೆ ಚಾಸಿ ಬಾಗುತ್ತದೆ, ಏಳನೇ ಸೂತ್ರದ ಅಳತೆಯೆಲ್ಲ ಹಾಳು. ಕೊಳೆತ ಭಾಗ ಕತ್ತರಿಸುವ ಮೊದಲು ಎರಡು ಪಟ್ಟಿಗಳ ನಡುವೆ ಆಂಗ್ಲರ್ ಅಡ್ಡಕಟ್ಟಿ ಹಿಡಿಸಿ.

ಪೂರ್ತಿ ಚಾಸಿಯನ್ನು ಪೆಟ್ಟಿಗೆಯಂತೆ ಮುಚ್ಚಿಸಬೇಡಿ. ಸ್ಟೀರಿಂಗ್ ಬಾಕ್ಸಿನ ಜಾಗ, ಹ್ಯಾಂಗರಿನ ಜಾಗ ಮುಚ್ಚಿದರೆ ಸಾಕು. ಮುಚ್ಚಿದ ಕಡೆ ಕೆಳಗೆ ನೀರು ಇಳಿಯಲು ತೂತು ಬಿಡಿ, ಇಲ್ಲವಾದರೆ ಒಳಗೊಳಗೇ ತುಕ್ಕು ಬೆಳೆಯುತ್ತದೆ.

9. ಚಾಸಿ ನಂಬರಿಗೆ ಗ್ರೈಂಡರ್ ತಾಗಿಸಬೇಡಿ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮುಂದೆ ಐದೈದು ವರ್ಷಕ್ಕೆ ನವೀಕರಣ. ನೀವು ಕಟ್ಟುತ್ತಿರುವ ಹಳೆಯ ಜೀಪು ಹೇಗೂ ಆರ್‌ಟಿಒ ಕಚೇರಿಗೆ ಹೋಗಲೇಬೇಕು. ಕೆಎ 43 ಆದರೆ ದೇವನಹಳ್ಳಿಗೆ. ಅಲ್ಲಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಒಂದು ಅಕ್ಷರ ಮೂಡದಿದ್ದರೂ ಇಡೀ ವರ್ಷದ ದುಡಿಮೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಕೆಲಸ ಶುರುವಾಗುವ ಮೊದಲೇ ಆ ಜಾಗಕ್ಕೆ ಗ್ರೀಸ್ ಬಳಿದು ಟೇಪು ಸುತ್ತಿ, ಫೋಟೊ ತೆಗೆದಿಡಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತಪಡಿಸಿದೆ. ಮೂಲ ಬಗೆಯ ಆಕ್ಸಲ್, ಮೂಲ ಚಾಸಿಯ ರಿಪೇರಿ ಒಂದು ಮಾತು. ಬೇರೆ ಗಾಡಿಯ ಚಾಸಿ ಕೂರಿಸುವುದು, ಅಗಲ ಉದ್ದ ಬದಲಿಸುವುದು ಬೇರೆ ಮಾತು. ಎರಡನೆಯದಕ್ಕೆ ಕೈ ಹಾಕುವ ಮುನ್ನ ಕಚೇರಿಗೆ ಹೋಗಿ ಕೇಳಿ. ಅನುಮತಿ ಸಿಗದಿದ್ದರೆ ಆ ಗಾಡಿ ಸ್ವಂತ ಜಮೀನಿನಲ್ಲಿ ಮಾತ್ರ ಓಡಲಿ, ರಸ್ತೆಗೆ ಬೇಡ.

10. ಕೂರಿಸುವಾಗ ಮೊದಲು ಚುಕ್ಕೆ, ಆಮೇಲೆ ಬೆಸುಗೆ

ಸ್ಪ್ರಿಂಗ್ ಕೂರುವ ಪ್ಯಾಡುಗಳನ್ನು ಹೌಸಿಂಗಿಗೆ ಚುಕ್ಕೆ ಬೆಸುಗೆಯಲ್ಲಿ ಮಾತ್ರ ಹಿಡಿಸಿ. ಎಂಜಿನ್, ಬಾಡಿ ಎಲ್ಲ ಕೂತು ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಪಿನಿಯನ್ನಿನ ಕೋನ ನೋಡಿ, ಚಾಸಿಯ ನಡುಗೆರೆಯ ಒಂದೇ ತೂತಿನಿಂದ ಎಡ ಬಲ ಆಕ್ಸಲ್ ತುದಿಗಿರುವ ದೂರ ಸಮವೆಂದು ಅಳೆದು, ಆಮೇಲೆ ಪೂರ್ತಿ ಬೆಸೆಯಿರಿ. ಸ್ಪ್ರಿಂಗ್ ಪ್ಲೇಟಿನ ಬುಶ್ ಬೋಲ್ಟುಗಳನ್ನು ಬಿಗಿಯುವುದೂ ಚಕ್ರ ನೆಲದ ಮೇಲಿದ್ದಾಗಲೇ. ಎತ್ತಿಟ್ಟು ಬಿಗಿದರೆ ರಬ್ಬರ್ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ.

11. ಉಸಿರಾಡಲು ಬಿಡಿ

ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಬ್ರೀದರಿಗೆ ರಬ್ಬರ್ ಕೊಳವೆ ಹಾಕಿ ಬಾನೆಟ್ಟಿನ ಎತ್ತರಕ್ಕೆ ಏರಿಸಿ. ಖರ್ಚು ಕಡಿಮೆ, ಉಳಿಯುವುದು ಒಂದು ಕ್ರೌನ್-ಪಿನಿಯನ್. ಚಕ್ರ ಪೂರ್ತಿ ಕೆಳಗೆ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುವುದಿಲ್ಲವೆಂದೂ ನೋಡಿಕೊಳ್ಳಿ.

12. ಮೊದಲ ನೂರು ಕಿಲೋಮೀಟರ್ ಕೈಯಿಂದ ಓದಿ

ಮೂವತ್ತು ಕಿ.ಮೀ. ನಿಧಾನವಾಗಿ ಓಡಿಸಿ ನಿಲ್ಲಿಸಿ. ನಾಲ್ಕು ಹಬ್‌ಗಳ ಮೇಲೂ, ಡಿಫರೆನ್ಷಿಯಲ್ ಮೇಲೂ ಕೈಯಿಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿ ಹೆಚ್ಚಾಗಿದೆ ಅಥವಾ ಬ್ರೇಕು ಹಿಡಿದಿದೆ. ನೂರು ಕಿ.ಮೀ. ಆದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಹೊಸ ಸ್ಪ್ರಿಂಗ್ ಪ್ಲೇಟು ಕೂತು ಅವು ಸಡಿಲವಾಗಿರುತ್ತವೆ. ಪ್ರತಿ ನಟ್ಟಿಗೂ ಒಂದು ಬಣ್ಣದ ಗೆರೆ ಎಳೆದಿಡಿ, ಗೆರೆ ಸರಿದರೆ ದೂರದಿಂದಲೇ ಕಾಣುತ್ತದೆ.

ಇಷ್ಟು ಕಟ್ಟಿದ ಮೇಲೆ ಓಡಿಸುವ ಜಾಗದ ಬಗ್ಗೆ ಒಂದು ಕೋರಿಕೆ. ಘಾಟಿಯ ಹತ್ತಿರದ ಮಾಕಳಿದುರ್ಗದ ಸುತ್ತಲ ಅರಣ್ಯ ಜೀಪಿನ ಮೈದಾನವಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಮಾಲೀಕರನ್ನು ಕೇಳಿ ಖಾಸಗಿ ಜಮೀನಿನಲ್ಲಿ ಓಡಿಸಿ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೆ ಮುನ್ನ ಘಾಟಿಯ ಬಯಲು ತುಂಬ ದನಗಳು ಕಟ್ಟಿರುತ್ತವೆ, ದೂರದೂರಿನಿಂದ ನಡೆದು ಬಂದ ರೈತರು ಮರದಡಿ ಮಲಗಿರುತ್ತಾರೆ. ಆ ದಿನಗಳಲ್ಲಿ ನಿಮ್ಮ ಜೀಪನ್ನು ಊರ ಹೊರಗೇ ನಿಲ್ಲಿಸಿ, ನಡೆದೇ ಬನ್ನಿ.